ಸೌಂಡ್‌ಬಾರಿನಿಂದ ಬಂದ ದನಿ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂತು ಕೂತು ಅವಳಿಗೆ ಗಾಜಕ್ಕ ಎಂಬ ಹೆಸರೇ ಅಂಟಿಕೊಂಡಿತ್ತು. ಮುಂದೆ ಗಿರಾಕಿಗಳು ಕನ್ನಡಿ ನೋಡಿಕೊಂಡು ಫ್ರೇಮು ಆರಿಸುತ್ತಿದ್ದರೆ, ಒಳಗೆ ಇವಳು ದುಂಡು ಗಾಜನ್ನು ಆ ಫ್ರೇಮಿನ ಆಕಾರಕ್ಕೆ ಅಂಚು ಉಜ್ಜಿ, ತೊಳೆದು, ಬೆಳಕಿಗೆ ಹಿಡಿದು, ಮತ್ತೆ ಉಜ್ಜುತ್ತಿದ್ದಳು. ಕೂದಲೆಳೆಯಷ್ಟು ಹೆಚ್ಚಾದರೆ ಗಾಜು ಕೂರುವುದಿಲ್ಲ. ಒತ್ತಿ ಕೂರಿಸಹೋದರೆ ಚಟ್ಟನೆ ಒಡೆಯುತ್ತದೆ. ಆ ಕೆಲಸದಲ್ಲಿ ಅವಳ ಕೈ ನಡುಗಿದ್ದನ್ನು ಯಾರೂ ಕಂಡಿರಲಿಲ್ಲ.

ಉಳಿದ ಎಲ್ಲ ವಿಷಯಗಳಲ್ಲಿ ಅವಳು ಅಪ್ಪಟ ಪುಕ್ಕಲಿ. ರಸ್ತೆ ದಾಟುವಾಗ ಪಕ್ಕದಲ್ಲಿ ನಿಂತವರ ತೋಳು ಹಿಡಿಯುತ್ತಿದ್ದಳು, ಅವರು ಯಾರೇ ಆಗಿರಲಿ. ಎಲ್ಲಕ್ಕಿಂತ ಹೆಚ್ಚಿನ ಭಯ ಕರೆಂಟಿನದು. ಚಿಕ್ಕವಳಿದ್ದಾಗ ಒದ್ದೆ ಕೈಯಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕೀಳಹೋಗಿ ಗೋಡೆಗೆ ಅಪ್ಪಳಿಸಿ ಬಿದ್ದಿದ್ದಳು. ಅಂದಿನಿಂದ ಮನೆಯಲ್ಲಿ ಬಲ್ಬು ಬದಲಾಯಿಸುವುದೂ ಅಪ್ಪನ ಪಾಲಿಗೆ ಬಂದಿತ್ತು. ತಾಯಿ ಹೋದ ಮೇಲೆ ಮನೆಯಲ್ಲಿ ಇದ್ದದ್ದು ಇವರಿಬ್ಬರೇ. ಮದುವೆಯಾದ ತಮ್ಮ ಬೇರೆ ಊರಿನಲ್ಲಿದ್ದ.

ಅಪ್ಪ ಬಟ್ಟೆಯ ದೊಡ್ಡ ಮಳಿಗೆಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದವರು. ದಿನವಿಡೀ ಮೇಲೆ ಕೆಳಗೆ ಓಡಾಡಿಯೂ ಇದ್ದಲ್ಲೇ ಇದ್ದವನು ನಾನೊಬ್ಬನೇ ಎಂದು ನಗಿಸುತ್ತಿದ್ದರು. ಆ ಮಾತುಗಾರನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಜೊತೆಗೆ ಮಾತನ್ನೂ ಕಿತ್ತುಕೊಂಡಿತು. ಕೋಲೂರಿ ನಿಧಾನವಾಗಿ ನಡೆಯುತ್ತಿದ್ದರು, ಎಡಗೈಯಲ್ಲಿ ಊಟ ಮಾಡುತ್ತಿದ್ದರು. ಗಂಟಲಿನಿಂದ ಮಾತ್ರ 'ಬ್ಬ, ಬ್ಬ' ಎಂಬ ಸದ್ದು ಬಿಟ್ಟರೆ ಬೇರೇನೂ ಹೊರಡುತ್ತಿರಲಿಲ್ಲ. ಮಗಳು ಕೆಲಸಕ್ಕೆ ಹೋದ ಮೇಲೆ ಅವರ ಜೊತೆಗಿದ್ದದ್ದು ಟಿ.ವಿ. ಒಂದೇ.

ಆ ಟಿ.ವಿ. ಮೇಲಿನ ಮಹಡಿಯ ಪಿಟೀಲು ಮೇಷ್ಟ್ರದಾಗಿತ್ತು. ಮೇಷ್ಟ್ರು ಐವತ್ತು ದಾಟಿದ ಒಂಟಿ ಮನುಷ್ಯ. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಟಿ.ವಿ. ನೋಡುವುದು ಬಿಟ್ಟೆನೆಂದು ಅದನ್ನೂ, ಅದರ ಕೆಳಗಿಡುವ ಉದ್ದನೆಯ ಕಪ್ಪು ಸೌಂಡ್‌ಬಾರನ್ನೂ ಇವರಿಗೆ ದಾಟಿಸಿದ್ದರು. "ಈ ಬಾರಿನ ಸದ್ದು ಅಂದ್ರೆ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಮ್ಮ. ನನ್ನ ಕಿವಿಗೆ ಶಿಕ್ಷೆ. ನಿಮ್ಮಪ್ಪನಿಗೆ ಸ್ವಲ್ಪ ಕಿವಿ ಮಂದ ಅಲ್ವಾ, ಅವರಿಗೆ ಹಿಡಿಸಬಹುದು," ಎಂದಿದ್ದರು. ತಾವೇ ಕೂತು ತಂತಿಗಳನ್ನು ಜೋಡಿಸುತ್ತ ಒಂದೊಂದರ ಹೆಸರನ್ನೂ ಹೇಳಿದ್ದರು. ಗಾಜಕ್ಕ ಬಾಗಿಲ ಬಳಿ ನಿಂತು ತಲೆಯಾಡಿಸಿದ್ದಳೇ ಹೊರತು ಒಂದು ಹೆಸರೂ ಕಿವಿಗೆ ಬಿದ್ದಿರಲಿಲ್ಲ. ರಿಮೋಟಿನ ಕೆಂಪು ಗುಂಡಿ ಒತ್ತಿದರೆ ಹತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ಅವಳಿಗೆ ಅಷ್ಟು ಸಾಕಾಗಿತ್ತು.

ಕೆಲವು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಒಂದು ಸಂಜೆ ಅವಳು ಮನೆಗೆ ಬಂದಾಗ ಹಜಾರದ ಕುರ್ಚಿ ಖಾಲಿಯಿತ್ತು, ಟಿ.ವಿ. ಆರಿತ್ತು. ಅಪ್ಪ ಅಡುಗೆಮನೆಯ ಮೂಲೆಯಲ್ಲಿ ನೆಲದ ಮೇಲೆ ಕೂತಿದ್ದರು. ಎಬ್ಬಿಸಹೋದರೆ ಎಡಗೈಯಿಂದ ಅವಳ ಸೆರಗು ಬಿಗಿಯಾಗಿ ಹಿಡಿದುಕೊಂಡು, ಹಜಾರದ ಕಡೆ ಕಣ್ಣು ತಿರುಗಿಸಿ, "ಬ್ಬ, ಬ್ಬ," ಎಂದರು.

"ಏನಾಯ್ತಪ್ಪ? ಬಿದ್ರಾ? ಯಾರಾದ್ರೂ ಬಂದಿದ್ರಾ?"

ಅಪ್ಪ ಇಲ್ಲವೆಂದು ತಲೆಯಾಡಿಸಿ ತುಟಿಯ ಮೇಲೆ ಬೆರಳಿಟ್ಟರು. ಸುಮ್ಮನಿರು ಎಂಬಂತೆ.

ಮರುದಿನವೂ ಹಾಗೆಯೇ. ಅದರ ಮರುದಿನ ಬಾರಿನ ಮೇಲೆ ಕೋಲಿನಿಂದ ಹೊಡೆದ ಗುರುತಿತ್ತು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಲಕ್ವ ಈಗ ತಲೆಗೂ ಏರಿತೇ ಎಂದು ಗಾಜಕ್ಕ ಹೆದರಿದಳು. "ದಿನಾ ನೋಡೋ ಟಿ.ವಿ.ಗೆ ಹೆದರ್ತಾರಾ? ಚಿಕ್ಕ ಮಗೂನಾ ನೀವು?" ಎಂದು ಗದರಿಯೂಬಿಟ್ಟಳು. ಅಪ್ಪನ ಕಣ್ಣಲ್ಲಿ ನೀರು ತುಂಬಿತು. ಮಾತು ಬರುವವರು ಎದುರುತ್ತರ ಕೊಟ್ಟಾರು. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ವಾರದ ರಜೆಯ ದಿನ ಬೆಳಿಗ್ಗೆ ಅವಳು ಹಜಾರದಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು. ಟಿ.ವಿ. ಹಾಕಿರಲಿಲ್ಲ. ಇದ್ದಕ್ಕಿದ್ದಂತೆ ಬಾರಿನ ಮುಂಭಾಗದಲ್ಲಿ ಚುಕ್ಕೆಯಷ್ಟು ಬೆಳಕು ಮೂಡಿತು. 'ಟುಣ್' ಎಂದು ಸಣ್ಣ ಸದ್ದಾಯಿತು. ಹಿಂದೆಯೇ ಒಬ್ಬ ಗಂಡಸಿನ ದನಿ, ತೀರ ಹತ್ತಿರದಲ್ಲಿ, ಕೋಣೆಯಲ್ಲಿ ಪಕ್ಕದಲ್ಲೇ ಕೂತಂತೆ:

"ವಿಚಾರಣೆ ಮುಗಿಯೋವರೆಗೂ ಬಾಗಿಲು ತೆಗೆಯೋ ಹಾಗಿಲ್ಲ. ಯಾರ ಹತ್ರಾನೂ ಮಾತಾಡೋ ಹಾಗಿಲ್ಲ. ನೀವು ಎಲ್ಲಿ ಕೂತಿದ್ದೀರಿ, ಏನ್ ಮಾಡ್ತಾ ಇದ್ದೀರಿ, ಎಲ್ಲ ನಮಗೆ ಕಾಣಿಸ್ತಾ ಇದೆ."

ಗಾಜಕ್ಕನ ಕೈಯಲ್ಲಿದ್ದ ಟವೆಲು ಅಲ್ಲೇ ನಿಂತಿತು. ಆರಿದ ಟಿ.ವಿ.ಯ ಕಪ್ಪು ಗಾಜಿನಲ್ಲಿ ಅವಳದೇ ನೆರಳು ಅವಳನ್ನು ನೋಡುತ್ತಿತ್ತು.

"ಕೇಳಿಸ್ತಾ ಇದೆಯಾ?" ದನಿ ಗಡುಸಾಯಿತು. "ಯಾಕೆ ಉತ್ತರ ಕೊಡ್ತಾ ಇಲ್ಲ?"

"ಕೇ... ಕೇಳಿಸ್ತಾ ಇದೆ ಸಾರ್," ಎಂದಳು ಗಾಜಕ್ಕ.

"ಹಲೋ? ಯಾಕೆ ಸುಮ್ನೆ ಕೂತಿದ್ದೀರಿ? ಬುದ್ಧಿವಂತಿಕೆ ತೋರಿಸಿದ್ರೆ ಪರಿಣಾಮ ನೆಟ್ಟಗಿರಲ್ಲ."

"ಕೇಳಿಸ್ತಾ ಇದೆ ಅಂದ್ನಲ್ಲ ಸಾರ್!" ಅವಳಿಗೆ ಅಳು ಬಂದುಬಿಟ್ಟಿತು.

ಮತ್ತೊಂದು 'ಟುಣ್'. ಬೆಳಕು ಆರಿತು. ಮನೆ ತಣ್ಣಗಾಯಿತು.

ಅವಳು ಮಂಚದ ಹೊದಿಕೆ ತಂದು ಟಿ.ವಿ.ಯ ಮೇಲೂ ಬಾರಿನ ಮೇಲೂ ಎಸೆದು, ಓಡಿಹೋಗಿ ಅಡುಗೆಮನೆಯಲ್ಲಿ ಅಪ್ಪನ ಪಕ್ಕ ನೆಲಕ್ಕೆ ಕುಸಿದಳು. ಅಪ್ಪ ಅವಳ ಮುಖ ನೋಡಿ, ಅವಳಿಗೂ ಕೇಳಿಸಿತೆಂದು ತಿಳಿದುಕೊಂಡು, ಎಡಗೈಯನ್ನು ಅವಳ ತಲೆಯ ಮೇಲಿಟ್ಟರು. ಇಷ್ಟು ದಿನ ಈ ಮನುಷ್ಯ ಇದನ್ನು ಒಬ್ಬರೇ ಕೇಳಿಸಿಕೊಂಡು, ಯಾರಿಗೂ ಹೇಳಲಾಗದೆ ಕೂತಿದ್ದರಲ್ಲ ಎಂದು ಅವಳು ಆ ಕೈಯನ್ನು ಹಿಡಿದುಕೊಂಡಳು.

ತಮ್ಮನಿಗೆ ಫೋನ್ ಮಾಡಿ ಪಿಸುದನಿಯಲ್ಲಿ ಹೇಳಿದಳು. ಅವನು ಗಟ್ಟಿಯಾಗಿ ನಕ್ಕ. "ಅಕ್ಕ, ಯಾವುದೋ ಸೀರಿಯಲ್ ಇರ್ಬೇಕು. ನೀನು ಅದಕ್ಕೆ ಉತ್ತರ ಬೇರೆ ಕೊಟ್ಟೆಯಾ? ಸಾರ್ ಅಂದೆಯಾ?"

"ಟಿ.ವಿ. ಆರಿತ್ತು ಕಣೋ. ನಾವು ಕೂತಿರೋದು ಕಾಣಿಸುತ್ತೆ ಅಂದ."

"ಪ್ಲಗ್ಗು ಕಿತ್ತುಹಾಕು, ಮುಗೀತು."

ಪ್ಲಗ್ಗು ಕೀಳುವುದೆಂದರೆ ಟಿ.ವಿ.ಯ ಹಿಂದೆ, ಗೋಡೆಯ ಸಂದಿನಲ್ಲಿ ಕೈ ತೂರಿಸಬೇಕು. ಅದಿರಲಿ, ತಮ್ಮ ಹೇಳಿದಷ್ಟು ಸುಲಭವಾಗಿ ಇದು ಮುಗಿಯುವುದಿಲ್ಲವೆಂದು ಅವಳಿಗೆ ಅನ್ನಿಸುತ್ತಿತ್ತು. ಇವರನ್ನು ಕಾಣುತ್ತಿರುವವನು ಪ್ಲಗ್ಗು ಕಿತ್ತರೆ ಸುಮ್ಮನಿರುತ್ತಾನೆಯೇ? ಮನೆಗೇ ಬಂದರೆ? ಅಪ್ಪನನ್ನು ಒಳಗೆ ಕೂರಿಸಿ, ಹೊರಗಿನಿಂದ ಬೀಗ ಹಾಕಿ, ಬೀದಿಯ ಕೊನೆಯ ಟಿ.ವಿ. ರಿಪೇರಿ ಅಂಗಡಿಗೆ ಹೊರಟಳು. ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡಿದಳು. ತರಕಾರಿ ಕೊಳ್ಳುತ್ತಿದ್ದ ಒಬ್ಬ ಸುಮ್ಮನೆ ಕಣ್ಣೆತ್ತಿದ್ದಕ್ಕೇ ಎದುರಿನ ಪಕ್ಕಕ್ಕೆ ದಾಟಿಬಿಟ್ಟಳು, ಯಾರ ತೋಳನ್ನೂ ಹಿಡಿಯದೆ.

ಅಂಗಡಿಯ ಯಜಮಾನ ಬಿಚ್ಚಿಟ್ಟ ಟಿ.ವಿ.ಯೊಂದರ ಮೇಲೆ ಬಗ್ಗಿಕೊಂಡಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ, ನಗಲಿಲ್ಲ. ಬೆಸುಗೆಯ ಕಡ್ಡಿಯನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡ.

"ನೋಡಿ ತಾಯಿ, ಸ್ಪೀಕರ್ ಒಳಗೆ ಧ್ವನಿ ತಾನಾಗಿ ಹುಟ್ಟಲ್ಲ. ಎಲ್ಲಿಂದಲೋ ಒಳಗೆ ಬರಬೇಕು. ಬರೋದಕ್ಕೆ ಇಂತಿಷ್ಟೇ ಬಾಗಿಲು. ಒಂದೊಂದಾಗಿ ಮುಚ್ತಾ ಬನ್ನಿ, ಯಾವ ಬಾಗಿಲಿಂದ ಬಂತು ಅಂತ ಗೊತ್ತಾಗುತ್ತೆ."

"ಆ ಬಾಗಿಲುಗಳ ಹೆಸರೇ ನನಗೆ ಗೊತ್ತಿಲ್ಲ ಯಜಮಾನ್ರೇ."

ಆತ ಬಿಸ್ಕತ್ತಿನ ಡಬ್ಬದಿಂದ ಹಳೆಯ ತಂತಿಗಳನ್ನು ಎಳೆದೆಳೆದು ಮೇಜಿನ ಮೇಲೆ ಹಾಕಿದ. ದಪ್ಪನೆಯ ಕಪ್ಪು ತಂತಿ, ತುದಿಯ ಮಧ್ಯೆ ಸೂಜಿಯಂಥ ತಾಮ್ರದ ಎಳೆ. ಅದು ಕೇಬಲ್ಲಿನದು, ಚಾನೆಲ್‌ಗಳೆಲ್ಲ ಅದರಲ್ಲೇ ಬಂದು ಸೆಟ್‌ಟಾಪ್ ಬಾಕ್ಸಿನೊಳಗೆ ಬೀಳುತ್ತವೆ. ಬಾಕ್ಸಿನಿಂದ ಟಿ.ವಿ.ಗೆ ಹೋಗುವ, ಚಪ್ಪಟೆ ಮೂತಿಯ ಇನ್ನೊಂದು ಎಚ್‌ಡಿಎಂಐ. "ಮೊದಲು ಚಿತ್ರಕ್ಕೆ ಹಳದಿ, ಸದ್ದಿಗೆ ಕೆಂಪು ಬಿಳಿ ಅಂತ ಮೂರು ಪಿನ್ನು ಇದ್ದವಲ್ಲ? ಆ ಮೂರರ ಕೆಲಸಾನೂ ಇದೊಂದೇ ಮಾಡುತ್ತೆ."

"ಹಾಗಾದ್ರೆ ಬಾರಿಗೆ ಹೋಗೋದು?"

"ಅದೂ ಎಚ್‌ಡಿಎಂಐನೇ. ಆದ್ರೆ ಟಿ.ವಿ. ಹಿಂದೆ ಒಂದು ತೂತಿನ ಪಕ್ಕ ಮಾತ್ರ ಎ.ಆರ್.ಸಿ. ಅಂತ ಬರೆದಿರುತ್ತೆ. ಬೇರೆ ತೂತುಗಳಲ್ಲಿ ಸದ್ದು ಒಳಗೆ ಬರುತ್ತೆ ಅಷ್ಟೇ. ಇದರಲ್ಲಿ ವಾಪಸ್ ಹೊರಗೂ ಹೋಗುತ್ತೆ, ಬಾರಿಗೆ."

ಗಾಜಕ್ಕ ಮೇಜಿನಿಂದ ಹಿಂದೆ ಸರಿದಳು. "ವಾಪಸ್ ಹೋಗುತ್ತಾ? ಅಂದ್ರೆ ನಾವು ಮನೆಯಲ್ಲಿ ಮಾತಾಡಿದ್ದೂ ಅದರಲ್ಲಿ ಹೋಗುತ್ತಾ?"

"ಇಲ್ಲ ತಾಯಿ. ಟಿ.ವಿ. ಸದ್ದು ಮಾತ್ರ. ನಿಮ್ಮದು ಹಳೇ ಬಾರು, ಅದಕ್ಕೆ ಬಾಯಿ ಇದೆ, ಕಿವಿ ಇಲ್ಲ. ಕಣ್ಣಂತೂ ಇಲ್ವೇ ಇಲ್ಲ."

ಕೊನೆಗೆ ತೆಳ್ಳನೆಯ ತಂತಿಯೊಂದನ್ನು ತೋರಿಸಿದ. ಆಪ್ಟಿಕಲ್. ಇದರಲ್ಲಿ ಕರೆಂಟು ಹರಿಯುವುದಿಲ್ಲ, ಬೆಳಕು ಹರಿಯುತ್ತದೆ; ಸದ್ದನ್ನೇ ಬೆಳಕಿನ ಮಿಣುಕಾಗಿಸಿ ಆ ತುದಿಗೆ ಕಳಿಸುತ್ತಾರೆ ಎಂದ. ಗಾಜಕ್ಕ ಅದನ್ನು ಕೈಗೆ ತೆಗೆದುಕೊಂಡು ತುದಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಉಜ್ಜಿ ನುಣುಪು ಮಾಡಿದ ಅಂಚು. ಅಷ್ಟು ಹೊತ್ತಿನಲ್ಲಿ ಅವಳಿಗೆ ಹೆದರಿಕೆಯಾಗದ ವಸ್ತು ಅದೊಂದೇ.

"ನಾಳೆ ನಾನೇ ಬರ್ತೀನಿ. ಅಷ್ಟರವರೆಗೆ ತಡೆಯೋಕಾಗಲ್ಲ ಅಂದ್ರೆ ಇವೆಲ್ಲ ಕಿತ್ತುಬಿಡಿ. ಕರೆಂಟಿನ ಪ್ಲಗ್ಗು ಮಾತ್ರ ಹಾಗೇ ಇರಲಿ. ಅಷ್ಟಾದ ಮೇಲೂ ಮಾತಾಡಿದ್ರೆ ಬಾರಿನ ದೀಪದ ಬಣ್ಣ ಯಾವುದು ಅಂತ ನೋಡಿ ಫೋನ್ ಮಾಡಿ. ಒಂದೊಂದು ದಾರಿಗೆ ಒಂದೊಂದು ಬಣ್ಣ."

ನಾಳೆಯವರೆಗೆ ಆ ಮನೆಯಲ್ಲಿ ಕಣ್ಣು ಮುಚ್ಚುವುದು ಅವಳಿಂದಾಗದ ಮಾತು. ಮನೆಗೆ ಬಂದು, ಚಪ್ಪಲಿ ಕಾಲಲ್ಲೇ ಇರಿಸಿಕೊಂಡು, ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗವಸು ಹಾಕಿಕೊಂಡಳು. ಅಪ್ಪ ಕುರ್ಚಿಯ ಅಂಚಿನಲ್ಲಿ ಕೂತು ಎಡಗೈಯಲ್ಲಿ ಟಾರ್ಚು ಹಿಡಿದರು. ಹೊದಿಕೆ ಸರಿಸಿ ಟಿ.ವಿ.ಯ ಹಿಂದೆ ಬಗ್ಗಿದಳು. ಧೂಳಿನ ಎಳೆಯೊಂದು ಕೆನ್ನೆಗೆ ತಾಗಿದ್ದಕ್ಕೆ ಕಿಟಾರನೆ ಕಿರುಚಿದಳು. ಟಾರ್ಚು ಅಲ್ಲಾಡಿತು. ಮತ್ತೆ ಬಗ್ಗಿದಳು.

ಕೇಬಲ್ಲಿನ ಕಪ್ಪು ತಂತಿಯನ್ನು ತಿರುಗಿಸಿ ತಿರುಗಿಸಿ ಬಿಡಿಸಿದಳು. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಎಳೆದಳು. ಎ.ಆರ್.ಸಿ. ಎಂಬ ಅಕ್ಷರ ಹುಡುಕಿ, ಅದರ ಪಕ್ಕದ್ದನ್ನೂ ಎಳೆದಳು. ಮೇಷ್ಟ್ರು ಯಾವುದಕ್ಕೂ ಇರಲಿ ಎಂದು ಆಪ್ಟಿಕಲ್ಲನ್ನೂ ಹಾಕಿದ್ದರು. ಅದನ್ನು ಕಿತ್ತಾಗ ಟಿ.ವಿ.ಯ ತೂತಿನಲ್ಲಿ ಕೆಂಪು ಬೆಳಕು ಮಿನುಗಿ ಅವಳ ಜೀವ ಒಮ್ಮೆ ಬಾಯಿಗೆ ಬಂತು. ಆಮೇಲೆ ಯಜಮಾನ ಹೇಳಿದ್ದು ನೆನಪಾಗಿ ಉಸಿರು ಬಿಟ್ಟಳು. ಅದು ಬರೀ ಬೆಳಕು. ಈಗ ಬಾರಿಗೆ ಉಳಿದದ್ದು ಕರೆಂಟಿನ ತಂತಿಯೊಂದೇ.

ಇಬ್ಬರೂ ಕಾದು ಕೂತರು. ಮೇಲಿನ ಮಹಡಿಯಿಂದ ಪಿಟೀಲಿನ ಸದ್ದು ಕೂಡ ಇರಲಿಲ್ಲ. ರಜೆಯ ದಿನ ಮಧ್ಯಾಹ್ನ ಎರಡು ಮೂರು ಮಕ್ಕಳಾದರೂ ಕುಯ್ಯೋ ಕುಯ್ಯೋ ಎಂದು ಎಳೆಯುತ್ತಿದ್ದವು. ಈ ವಾರವಿಡೀ ಆ ಸದ್ದೇ ಕೇಳಿಲ್ಲವಲ್ಲ ಎಂದು ಅವಳಿಗೆ ಆಗಷ್ಟೇ ಹೊಳೆಯಿತು.

'ಟುಣ್.'

"ನಾಳೆ ಬ್ಯಾಂಕಿಗೆ ಹೋಗುವಾಗಲೂ ಫೋನ್ ಆನ್ ಇರಬೇಕು. ಕ್ಯಾಮೆರಾ ನಿಮ್ಮ ಮುಖದ ಮೇಲೇ ಇರಬೇಕು. ದಾರೀಲಿ ಯಾರಿಗಾದ್ರೂ ಒಂದು ಮಾತು ಹೇಳಿದ್ರೋ, ಅಲ್ಲೇ ನಿಮ್ಮನ್ನ ಎತ್ತಾಕೊಂಡು ಹೋಗ್ತೀವಿ. ಹಲೋ? ಮತ್ತೆ ಕೇಳಿಸ್ತಾ ಇಲ್ವಾ ನಿಮಗೆ? ಕಿವಿಗೆ ಹಾಕಿರೋದು ಸರಿ ಮಾಡ್ಕೊಳ್ಳಿ!"

ತಂತಿಗಳೆಲ್ಲ ನೆಲದ ಮೇಲೆ ಬಿದ್ದಿದ್ದವು. ದನಿ ಮಾತ್ರ ಮೊದಲಿನಷ್ಟೇ ಸ್ಪಷ್ಟ. ಗಾಜಕ್ಕ ಈ ಸಲ ಉತ್ತರ ಕೊಡಲಿಲ್ಲ. ದೀಪದ ಬಣ್ಣ ನೋಡಿಕೊಂಡು ಫೋನ್ ತೆಗೆದಳು.

"ನೀಲಿನಾ?" ಎಂದ ಯಜಮಾನ. "ಹಾಗಾದ್ರೆ ತಂತಿ ಅಲ್ಲವೇ ಅಲ್ಲ ತಾಯಿ. ಬ್ಲೂಟೂತು. ಅಕ್ಕಪಕ್ಕದಲ್ಲೇ ಯಾರದೋ ಫೋನು ನಿಮ್ಮ ಬಾರಿಗೆ ಅಂಟಿಕೊಂಡಿದೆ. ಅದು ಗೋಡೆ ದಾಟಿ ಬರುತ್ತೆ, ಆದ್ರೆ ಬಹಳ ದೂರ ಹೋಗಲ್ಲ. ಅವರ ಫೋನಿಗೆ ಬಂದ ಮಾತು ನಿಮ್ಮಲ್ಲಿ ಕೇಳಿಸ್ತಾ ಇದೆ, ಅಷ್ಟೇ. ಒಂದು ಸಲ ಜೋಡಿ ಮಾಡಿದ್ರೆ ಎರಡೂ ಒಂದನ್ನೊಂದು ಮರೆಯಲ್ಲ. ಮೊದಲು ಈ ಬಾರು ಯಾರದಾಗಿತ್ತು?"

ಗಾಜಕ್ಕ ತಲೆಯೆತ್ತಿ ಸೂರು ನೋಡಿದಳು.

ಒಂದು ಕ್ಷಣ ಹಗುರವಾಯಿತು. ಆ ಮಾತು ಇವರಿಗೆ ಹೇಳಿದ್ದಲ್ಲ. ಇವರನ್ನು ಯಾರೂ ನೋಡುತ್ತಿಲ್ಲ. ಮರುಕ್ಷಣವೇ ಬೇರೆ ಭಯ ಹೊಕ್ಕಿತು. ತನ್ನ ತಲೆಯ ಮೇಲೆ, ಈ ಸೂರಿನ ಆಚೆ, ಒಬ್ಬ ಮನುಷ್ಯ ದಿನಗಟ್ಟಲೆಯಿಂದ ಆ ದನಿಯ ಮುಂದೆ ಕೂತಿದ್ದಾನೆ.

ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು. ಬಹಳ ಹೊತ್ತಿನ ಮೇಲೆ ಸರಪಳಿ ಹಾಕಿದಂತೆಯೇ ಬಾಗಿಲು ಬೆರಳಗಲ ತೆರೆಯಿತು. ಗಡ್ಡ ಬೆಳೆದ, ಕಣ್ಣು ಗುಳಿಬಿದ್ದ ಮುಖ. ಕಿವಿಯಲ್ಲಿ ಸಣ್ಣ ಬಿಳಿ ಇಯರ್‌ಫೋನು.

"ನನಗೆ ಹುಷಾರಿಲ್ಲ. ಹೋಗಮ್ಮ," ಎಂದರು ಮೇಷ್ಟ್ರು, ಪಾಠ ಒಪ್ಪಿಸುವವರಂತೆ. ಅವರ ಹಿಂದೆ ಮೇಜಿನ ಮೇಲೆ ಫೋನು ನೆಟ್ಟಗೆ ನಿಂತಿತ್ತು, ಬಾಗಿಲಿನ ಕಡೆಗೇ ಮುಖ ಮಾಡಿಕೊಂಡು.

ಗಾಜಕ್ಕ ಆ ಫೋನನ್ನು ನೋಡಿದಳು. ಏನು ಹೇಳಿದರೂ ಅದಕ್ಕೆ ಕೇಳಿಸುತ್ತದೆ. "ಆಯ್ತು ಮೇಷ್ಟ್ರೇ," ಎಂದಷ್ಟೇ ಹೇಳಿದಳು. ಬಾಗಿಲು ಮುಚ್ಚಿತು.

ಅಲ್ಲೇ ಮೆಟ್ಟಿಲ ಮೇಲೆ ಕೂತು ಯೋಚಿಸಿದಳು. ಯಾರಿಗೂ ಹೇಳದೆ ಬ್ಯಾಂಕಿಗೆ ಹೋಗು ಎನ್ನುವವರು ಕಳ್ಳರೇ ಇರಬೇಕು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಆ ದನಿ ಮೇಷ್ಟ್ರ ಮನೆಯೊಳಗೆ ಬರುವುದು ಯಾವ ಬಾಗಿಲಿನಿಂದ? ಈ ಕಟ್ಟಡದ ಮೇಲಿನ ಮಹಡಿಯಲ್ಲಿ ಫೋನಿಗೆ ಸಿಗ್ನಲ್ಲೇ ಸಿಗುವುದಿಲ್ಲವೆಂದು ಮೇಷ್ಟ್ರು ಸದಾ ಗೊಣಗುತ್ತಿದ್ದರು. ಗೋಡೆಗೆ ಇಂಟರ್ನೆಟ್ಟಿನ ಡಬ್ಬಿಯೊಂದನ್ನು ಹಾಕಿಸಿಕೊಂಡು, ಇದಿಲ್ಲದಿದ್ದರೆ ನನ್ನ ಫೋನು ಬರೀ ಗಡಿಯಾರ ಎನ್ನುತ್ತಿದ್ದರು. ಆ ಡಬ್ಬಿಗೆ ಕರೆಂಟು ಬೇಕು.

ಕಟ್ಟಡದ ಮೀಟರ್ ಬೋರ್ಡು ಕೆಳಗೆ, ಮೆಟ್ಟಿಲ ಅಡಿಯಲ್ಲಿತ್ತು. ಆ ಕಡೆಗೆ ಅವಳು ಜೀವಮಾನದಲ್ಲಿ ಹೋದವಳಲ್ಲ. ಸಾಲಾಗಿ ಕೂತ ಮೀಟರುಗಳು ಗುಂಯ್ ಎನ್ನುತ್ತಿದ್ದವು. ಒಂದೊಂದರ ಕೆಳಗೂ ಮನೆಯ ನಂಬರು ಬಣ್ಣದಲ್ಲಿ ಬರೆದಿತ್ತು. ರಬ್ಬರ್ ಗವಸು ಇನ್ನೂ ಕೈಯಲ್ಲೇ ಇತ್ತು. ಮೇಷ್ಟ್ರ ಮನೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ಅವ್ವಾ ಎಂದು ಕೆಳಗೆಳೆದಳು.

ಟಕ್ ಎಂದಿತು. ಬೇರೇನೂ ಆಗಲಿಲ್ಲ.

ಅವಳು ಓಡುತ್ತ ಮೇಲೆ ಹೋಗುವಷ್ಟರಲ್ಲಿ ಮೇಷ್ಟ್ರೇ ಬಾಗಿಲು ತೆರೆದು ಹೊರಗೆ ನಿಂತಿದ್ದರು. ಕೈಯಲ್ಲಿ ಫೋನು, ಮೈಯೆಲ್ಲ ಬೆವರು. "ಕಟ್ಟಾಯ್ತು. ಅವರು ನಾನೇ ಕಟ್ ಮಾಡ್ದೆ ಅಂದ್ಕೋತಾರೆ. ನನ್ನ ಹಿಡ್ಕೊಂಡು ಹೋಗ್ತಾರೆ."

"ಯಾರೂ ಹಿಡ್ಕೊಂಡು ಹೋಗಲ್ಲ ಮೇಷ್ಟ್ರೇ. ವಿಚಾರಣೆ ಮುಗಿಯೋವರೆಗೂ ಬಾಗಿಲು ತೆಗೆಯೋ ಹಾಗಿಲ್ಲ ಅಂದ್ರಲ್ಲ, ನಾಳೆ ಬ್ಯಾಂಕಿಗೆ ಹೋಗುವಾಗ ಕ್ಯಾಮೆರಾ ಮುಖದ ಮೇಲಿರಬೇಕು ಅಂದ್ರಲ್ಲ, ಅದೆಲ್ಲ..."

ಧೈರ್ಯ ಹೇಳಲೆಂದು ಆಡಿದ ಮಾತು ತಿರುಗಿಬಿದ್ದಿತು. ಮೇಷ್ಟ್ರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ನಿನಗೆ ಹೇಗೆ ಗೊತ್ತು?" ಎನ್ನುತ್ತ ಹಿಂದೆ ಸರಿದರು. "ನೀನೂ ಅವರ ಕಡೆಯವಳಾ? ಎಲ್ಲ ಕಡೆ ನಮ್ಮವರಿದ್ದಾರೆ ಅಂದಿದ್ರು... ಕೆಳಗಡೇನೇ ಇದ್ದೀಯಾ?" ಬಾಗಿಲು ದೂಡಿದರು. ಅವಳು ಅಡ್ಡ ಕೈಯಿಟ್ಟಳು. ಬೆರಳುಗಳು ಬಾಗಿಲ ಸಂದಿಗೆ ಸಿಕ್ಕವು. ಕಣ್ಣು ಕತ್ತಲೆಗಟ್ಟುವಂಥ ನೋವು. ಗಾಜು ಹಿಡಿಯುವ ಬೆರಳುಗಳು. ಆದರೂ ಕೈ ತೆಗೆಯಲಿಲ್ಲ.

"ಬ್ಬ! ಬ್ಬ!"

ಇಬ್ಬರೂ ತಿರುಗಿ ನೋಡಿದರು. ಅಪ್ಪ ಕೋಲೂರಿಕೊಂಡು, ಕಂಬಿಗೆ ಮೈ ಆನಿಸಿ, ಮೆಟ್ಟಿಲು ಹತ್ತಿ ಬಂದಿದ್ದರು. ಲಕ್ವ ಹೊಡೆದ ಮೇಲೆ ಅವರು ಒಂದು ಮೆಟ್ಟಿಲನ್ನೂ ಹತ್ತಿರಲಿಲ್ಲ. ಏದುಸಿರು ಬಿಡುತ್ತ, ಎಡಗೈಯಿಂದ ಕಿವಿ ಮುಟ್ಟಿಕೊಂಡರು. ಕೆಳಗೆ ತೋರಿಸಿದರು. ಮತ್ತೆ ಕಿವಿ ಮುಟ್ಟಿಕೊಂಡರು. ಮೇಷ್ಟ್ರು ಅವರ ಮುಖವನ್ನು ನೋಡುತ್ತ ನಿಂತರು. ತಮ್ಮ ಮುಖದ ಮೇಲಿದ್ದ ಭಯವೇ ಅಲ್ಲೂ ಇತ್ತು. ಬಾಗಿಲ ಮೇಲಿನ ಒತ್ತಡ ಸಡಿಲವಾಯಿತು.

"ಇಯರ್‌ಫೋನ್ ಆಫ್ ಮಾಡಿ ಇಲ್ಲೇ ಇಡಿ ಮೇಷ್ಟ್ರೇ. ಫೋನ್ ತಗೊಂಡು ಕೆಳಗೆ ಬನ್ನಿ. ನಿಮ್ಮ ಕಣ್ಣಾರೆ ನೋಡಿ," ಎಂದಳು ಗಾಜಕ್ಕ, ಗವಸು ಕಿತ್ತು ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಒತ್ತಿಹಿಡಿದು.

ಹಜಾರದ ಕಿಟಕಿಯ ಹತ್ತಿರ ಒಂದಿಷ್ಟು ಸಿಗ್ನಲ್ ಸಿಗುತ್ತಿತ್ತು. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಮೇಷ್ಟ್ರ ಕೈಯಲ್ಲಿದ್ದ ಫೋನು ಅದುರಿತು. ಅವರು ಹತ್ತಿರದ ಕುರ್ಚಿಗೆ ಕೂತರು. "ತೆಗೀಲೇಬೇಕು. ತೆಗೀದೇ ಇದ್ರೆ..." ಗಾಜಕ್ಕ ಅವರಿಂದಲೇ ಕರೆ ಎತ್ತಿಸಿ, ಫೋನನ್ನು ತೆಗೆದುಕೊಂಡು, ಕ್ಯಾಮೆರಾ ಮುಚ್ಚುವಂತೆ ಸೋಫಾದ ಮೇಲೆ ಬೋರಲು ಹಾಕಿದಳು. ತುಟಿಯ ಮೇಲೆ ಬೆರಳಿಟ್ಟಳು.

'ಟುಣ್.' ನೀಲಿ ಚುಕ್ಕೆ.

"ಯಾರನ್ನ ಕೇಳಿ ಕಟ್ ಮಾಡಿದ್ರಿ?" ತಂತಿಗಳೆಲ್ಲ ಕಿತ್ತುಬಿದ್ದಿದ್ದ ಟಿ.ವಿ.ಯ ಕೆಳಗಿನಿಂದ ದನಿ ಗರ್ಜಿಸಿತು. "ಹಲೋ? ಮುಖ ತೋರಿಸಿ!"

ಮೇಷ್ಟ್ರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದರು. ಆ ದನಿ ಬೈಯುತ್ತಲೇ ಹೋಯಿತು. ನಿಧಾನಕ್ಕೆ ಅವರ ತಲೆ ಒಂದು ಪಕ್ಕಕ್ಕೆ ವಾಲಿತು, ಮಕ್ಕಳು ಶ್ರುತಿ ತಪ್ಪಿದಾಗ ವಾಲುವಂತೆ. ಅವರು ಎದ್ದು ಬಾರಿನ ಹತ್ತಿರ ಹೋಗಿ ಬಗ್ಗಿದರು. ಸದ್ದು ಹೆಚ್ಚಿಸು ಎಂದು ಗಾಜಕ್ಕನಿಗೆ ಸನ್ನೆ ಮಾಡಿದರು. ಅವಳು ರಿಮೋಟು ಒತ್ತಿದಳು.

ಬೈಯುವ ದನಿಯ ಹಿಂದೆ, ಅದೇ ಕೋಣೆಯಲ್ಲೆಲ್ಲೋ, ಇನ್ನೊಬ್ಬ ಗಂಡಸು ಮಾತಾಡುತ್ತಿದ್ದ. ಇಯರ್‌ಫೋನಿನಲ್ಲಿ ಗುಜುಗುಜು ಎನ್ನಿಸಿರಬಹುದಾದದ್ದು ಈ ದೊಡ್ಡ ಸ್ಪೀಕರಿನಲ್ಲಿ ಮಾತಾಗಿ ಬಿಡಿಸಿಕೊಂಡಿತು. "ವಿಚಾರಣೆ ಮುಗಿಯೋವರೆಗೂ ಬಾಗಿಲು ತೆಗೆಯೋ ಹಾಗಿಲ್ಲಮ್ಮ. ಯಾರ ಹತ್ರಾನೂ ಮಾತಾಡೋ ಹಾಗಿಲ್ಲ. ಅಳಬೇಡಿ. ಅತ್ರೆ ಕೇಸು ಇನ್ನೂ ಗಟ್ಟಿಯಾಗುತ್ತೆ."

ಅದೇ ಮಾತು. ಅದೇ ಏರಿಳಿತ. ಬಾಯಿಪಾಠ ಮಾಡಿದ್ದು.

ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಕೈ ಚಾಚಿ, ಸೋಫಾದ ಮೇಲಿನ ಫೋನನ್ನು ತೆಗೆದುಕೊಂಡು, ಕರೆಯನ್ನು ಕತ್ತರಿಸಿದರು. ಆಮೇಲೆ ಅವರಿಗೆ ಬಂದದ್ದು ಅಳುವೋ ನಗುವೋ ಅಪ್ಪನಿಗೂ ಮಗಳಿಗೂ ತಿಳಿಯಲಿಲ್ಲ. ಅವರು ಏನೇನೋ ಹೇಳಿದರು. ನಾವು ಪೊಲೀಸರು, ನಿಮ್ಮ ಹೆಸರಿನಲ್ಲಿ ಕಳ್ಳಮಾಲಿನ ಪಾರ್ಸೆಲ್ಲು ಸಿಕ್ಕಿದೆ ಎಂಬ ಕರೆಯಿಂದ ಶುರುವಾಗಿತ್ತಂತೆ. ಊಟಕ್ಕೂ ಸ್ನಾನಕ್ಕೂ ಅಪ್ಪಣೆ ಕೇಳಬೇಕಾಗಿತ್ತಂತೆ. ಪಕ್ಕದವರಿಗೆ ಕೇಳಿಸಬಾರದೆಂದು ಇಯರ್‌ಫೋನು ಹಾಕಿಸಿದವರೂ ಆ ದನಿಯವರೇ. ಅದಕ್ಕಾಗಿಯೇ ಮೇಷ್ಟ್ರು ಫೋನಿನ ಬ್ಲೂಟೂತು ಹಾಕಿದ್ದು. ಇಯರ್‌ಫೋನಿನ ಚಾರ್ಜು ಮುಗಿದಾಗಲೆಲ್ಲ ಫೋನು ತನ್ನ ಹಳೆಯ ಜೋಡಿಯನ್ನು ಹುಡುಕಿಕೊಂಡು ಕೆಳಗಿನ ಮನೆಯ ಬಾರಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಮೇಷ್ಟ್ರ ಪುಣ್ಯ, ಬ್ಯಾಂಕಿಗೆ ಹೋಗುವ ಹಿಂದಿನ ದಿನವೂ ಅದು ಅಂಟಿಕೊಂಡಿತು.

ಸಂಜೆಯೊಳಗೆ ಮೂವರೂ ಪೊಲೀಸ್ ಠಾಣೆಯಲ್ಲಿ ಕೂತಿದ್ದರು. ಗಾಜಕ್ಕನಿಗೆ ಅಲ್ಲಿಯೂ ಭಯವೇ. ಅಲ್ಲಿದ್ದ ಅಧಿಕಾರಿ ಸಮಾಧಾನದಿಂದ ಬರೆದುಕೊಂಡು, ಯಾವ ಪೊಲೀಸರೂ ಫೋನಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ ಮೇಷ್ಟ್ರೇ ಎಂದ. ಮೇಷ್ಟ್ರು ಗೊತ್ತು ಎಂದರು. ಗೊತ್ತಿತ್ತು, ಆದರೂ ಹೆದರಿದೆ ಎಂದರು.

ಗಾಜಕ್ಕ ಒಂದನ್ನು ಮಾತ್ರ ಮತ್ತೆ ಮತ್ತೆ ಕೇಳಿದಳು. "ಹಿಂದೆ ಇನ್ನೊಬ್ಬ ಯಾರಿಗೋ ಅಮ್ಮ ಅಂತಿದ್ನಲ್ಲ ಸಾರ್, ಆ ಹೆಂಗಸು ಎಲ್ಲಿದ್ದಾರೆ? ಅವರನ್ನ ಹುಡುಕೋಕಾಗುತ್ತಾ?" ಪ್ರಯತ್ನ ಮಾಡುತ್ತೇವೆ ಎಂದ ಅಧಿಕಾರಿ. ಯಾವ ಊರು, ಯಾವ ಮನೆ, ಏನೂ ತಿಳಿಯದು. ಅದರ ಸುದ್ದಿ ಆಮೇಲೆ ಬರಲೇ ಇಲ್ಲ. ಗಾಜು ಉಜ್ಜುತ್ತ ಕೂತಾಗ, ಯಂತ್ರ ನಿಂತ ಮೌನದಲ್ಲಿ, ಅವಳಿಗೆ ಆ ಮಾತು ನೆನಪಾಗಿ ಮೈ ಜುಮ್ಮೆನ್ನುತ್ತಿತ್ತು. ಅಳಬೇಡಿ ಎಂದಿದ್ದ. ಅಂದರೆ ಅವರು ಅಳುತ್ತಿದ್ದರು.

ರಿಪೇರಿ ಅಂಗಡಿಯ ಯಜಮಾನ ಮರುದಿನ ಬಂದು ಬಾರಿನ ನೆನಪಿನಿಂದ ಮೇಷ್ಟ್ರ ಫೋನನ್ನು ಅಳಿಸಿಹಾಕಿದ. ತಂತಿಗಳನ್ನು ಗಾಜಕ್ಕನೇ ಹಾಕಿದಳು, ಜಜ್ಜಿದ ಬೆರಳಿಗೆ ಪಟ್ಟಿ ಕಟ್ಟಿಕೊಂಡು. ಎ.ಆರ್.ಸಿ. ಬದಲು ಪಕ್ಕದ ತೂತಿಗೆ ಹಾಕಿ ಸದ್ದು ಬರದೆ, ಮತ್ತೆ ಕಿತ್ತು ಸರಿಯಾಗಿ ಹಾಕಿದಳು. "ಕಲಿತುಬಿಟ್ರಲ್ಲ ತಾಯಿ," ಎಂದ ಯಜಮಾನ. ಅವಳಿಗೆ ಖುಷಿಯೇನೂ ಆಗಲಿಲ್ಲ. ಅಪ್ಪ ಬಾರನ್ನು ತೆಗೆದುಬಿಡು ಎಂದು ಸನ್ನೆ ಮಾಡುತ್ತಿದ್ದರು. ಕೊನೆಗೆ ತೆಗೆದೇಬಿಟ್ಟಳು. ಮಂದ ಕಿವಿಗೆ ಅರ್ಧಂಬರ್ಧ ಕೇಳಿದರೂ ಸರಿ, ಅಪ್ಪ ಟಿ.ವಿ.ಯ ಸ್ವಂತ ಸದ್ದಿಗೇ ಒಗ್ಗಿಕೊಂಡರು.

ಆ ಜನ ಬೇರೆ ಬೇರೆ ನಂಬರುಗಳಿಂದ ಇನ್ನಷ್ಟು ದಿನ ಕರೆ ಮಾಡಿದರು. ಮೇಷ್ಟ್ರು ನಂಬರು ಬದಲಾಯಿಸಿದರು. ಪಾಠ ಮತ್ತೆ ಶುರುವಾಯಿತು, ಆದರೆ ಕರೆಗಂಟೆ ಬಾರಿಸಿದರೆ ಅವರಿಗೆ ಬಾಗಿಲು ತೆರೆಯಲು ಆಗುತ್ತಿರಲಿಲ್ಲ. ಒಳಗೆ ನಿಂತು ಕೆಳಗೆ ಫೋನ್ ಮಾಡುತ್ತಿದ್ದರು. "ಬಾಗಿಲ ಹತ್ರ ಯಾರಿದ್ದಾರೆ, ಸ್ವಲ್ಪ ನೋಡ್ತೀಯೇನಮ್ಮ?"

ಗಾಜಕ್ಕ ಒಲೆ ಸಣ್ಣಗೆ ಮಾಡಿ ಮೇಲೆ ಹತ್ತುತ್ತಿದ್ದಳು. ಹತ್ತುವಾಗ ಪ್ರತಿ ಸಲವೂ ಅವಳ ಎದೆ ಹೊಡೆದುಕೊಳ್ಳುತ್ತಿತ್ತು, ಯಾರಿರಬಹುದೋ ಎಂದು. ಮೇಲೆ ಒಂದು ಹುಡುಗಿ ಪಿಟೀಲಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿರುತ್ತಿದ್ದಳು, ಇಲ್ಲವೇ ಹಾಲಿನವನು. "ಮೇಷ್ಟ್ರೇ, ನಾನು. ನಿಮ್ಮ ಶಿಷ್ಯೆ ಬಂದಿದ್ದಾಳೆ," ಎಂದು ಅವಳು ಹೇಳಿದ ಮೇಲೆ ಒಳಗಿನ ಸರಪಳಿ ಸರಿಯುತ್ತಿತ್ತು. ತಿಂಗಳುಗಳು ಹೀಗೆ ನಡೆದವು. ಈಗ ಹೆಚ್ಚಿನ ದಿನ ಮೇಷ್ಟ್ರು ತಾವೇ ಬಾಗಿಲು ತೆಗೆಯುತ್ತಾರೆ. ಕೆಲವು ದಿನ ಮಾತ್ರ ಫೋನು ಬರುತ್ತದೆ. ಆಗ ಅವಳು ಏನೂ ಕೇಳುವುದಿಲ್ಲ. ಚಪ್ಪಲಿ ಮೆಟ್ಟಿ ಮೇಲೆ ಹೋಗುತ್ತಾಳೆ.